ಕುಡಿಯದವರ ಕುಡಿತ ಬಿಡಿಸಿದ್ದು

ಪ್ರಭುದಾಸ್ ತಮ್ಮ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಅವರನ್ನು ಕುಡುಕನೆಂದು ಊರಿಗೆಲ್ಲ ಸಾರಿದವಳು ನಾನು. ಅದನ್ನೂ ನನ್ನ ಬಾಯಿಂದ ಸಾರಲಿಲ್ಲ — ಅಷ್ಟು ಧೈರ್ಯ ನನಗೆಲ್ಲಿತ್ತು — ಅವರ ಹದಿನಾರು ವರ್ಷದ ಮಗಳ ಬಾಯಿಂದ ಹೇಳಿಸಿದೆ. ಹದಿಮೂರು ವರ್ಷವಾಯಿತು. ಇವತ್ತು ಬರೆಯುತ್ತಿದ್ದೇನೆ, ಯಾರು ಬೇಡವೆಂದರೂ ಬರೆಯುತ್ತೇನೆ.

ಬೇಡವೆನ್ನುವವರು ಇದ್ದಾರೆ, ಅದಕ್ಕೇ ಹೇಳಿದೆ. ದೊಡ್ಡಬಳ್ಳಾಪುರದ ನಮ್ಮ ಚರ್ಚಿನ ಸಭೆಯ ಯೌವನಸ್ಥರ ಸಂಘಕ್ಕೆ ಈ ವರ್ಷ ಬೆಳ್ಳಿಹಬ್ಬ. ಸ್ಮರಣ ಸಂಚಿಕೆ ಬರುತ್ತಿದೆ. "ಶುರುವಿನಿಂದ ಹದಿನೆಂಟು ವರ್ಷ ನಡೆಸಿದೋರು ನೀವು ಸುಗುಣಮ್ಮ, ಎರಡು ಪುಟ ಬರ್ಕೊಡಿ" ಎಂದು ಸಭೆಯ ಕಾರ್ಯದರ್ಶಿ ಜಯಕುಮಾರ್ ಕೇಳಿದರು. ಅವರಿಗೆ ಬೇಕಾಗಿದ್ದದ್ದು ಎಷ್ಟು ಮಕ್ಕಳು ಹಾಡು ಕಲಿತರು, ಎಷ್ಟು ಮಂದಿ ನರ್ಸ್ ಆದರು ಎಂಬ ಪುಟ. ನಾನು ಕೊಡುತ್ತಿರುವುದು ಇದು.

ಮೊದಲೇ ಹೇಳಿಬಿಡುತ್ತೇನೆ, ಸುಳ್ಳು ವಿನಯ ನನಗೆ ಬರುವುದಿಲ್ಲ. ಆ ಸಂಘವನ್ನು ನಾನು ಚೆನ್ನಾಗಿಯೇ ನಡೆಸಿದೆ. ಪ್ರತಿ ಶನಿವಾರ ಸಂಜೆ ದೇವಾಲಯದ ಹಿಂದಿನ ಶೀಟಿನ ಕೋಣೆಯಲ್ಲಿ ಹದಿನೈದು ಇಪ್ಪತ್ತು ಮಕ್ಕಳು ಸೇರುತ್ತಿದ್ದರು — ಎಂಟನೇ ಕ್ಲಾಸಿನಿಂದ ಪಿಯುಸಿಯವರೆಗೆ. ಒಂದು ಕೇರಂ ಬೋರ್ಡು, ಒಂದು ತಂತಿ ಕಿತ್ತುಹೋದ ಗಿಟಾರು. ಗೋಡೆಯ ಆಚೆ ಪವರ್‌ಲೂಮ್ ಶೆಡ್ಡು. ನಮ್ಮ ಹಾಡೆಲ್ಲ ಮಗ್ಗದ ತಾಳಕ್ಕೇ ಹೋಗುತ್ತಿತ್ತು. ಶನಿವಾರ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹಾಳಾಗಬಹುದಾಗಿದ್ದ ಮಕ್ಕಳು ನನ್ನ ಕಣ್ಣ ಮುಂದೆ ಕೂತಿದ್ದರು. ವಾರವೆಲ್ಲ ಶಾಲೆಯಲ್ಲಿ ಪಾಠ ಮಾಡಿ ದಣಿದಿದ್ದರೂ ನಾನು ಒಂದು ಶನಿವಾರವೂ ತಪ್ಪಿಸಿದವಳಲ್ಲ.

ನನ್ನ ಕಷ್ಟ ಬೇರೆ. ನನ್ನ ಮಕ್ಕಳಲ್ಲಿ ದಾರಿ ತಪ್ಪಿದವರು ಒಬ್ಬರೂ ಇರಲಿಲ್ಲ.

ನಗಬೇಡಿ. ನಮ್ಮವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ವರ್ಷಕ್ಕೊಮ್ಮೆ ದೇವನಹಳ್ಳಿಯಲ್ಲಿ ಒಂದು ಸಮ್ಮೇಳನ. ಹೊಸಕೋಟೆ, ನೆಲಮಂಗಲ, ದೇವನಹಳ್ಳಿ, ನಾವು — ಎಲ್ಲ ಸಂಘಗಳೂ ಸೇರುತ್ತೇವೆ. ಪ್ರತಿ ಸಂಘ ಒಂದು ಹಾಡು ಹಾಡಬೇಕು, ಒಂದು ನಾಟಕ ಆಡಬೇಕು, ಒಬ್ಬರು 'ಸಾಕ್ಷಿ' ಹೇಳಬೇಕು. ಸಾಕ್ಷಿ ಅಂದರೆ ದೇವರು ತನ್ನ ಬದುಕಿನಲ್ಲಿ ಏನು ಮಾಡಿದ ಎಂದು ಎಲ್ಲರ ಮುಂದೆ ನಿಂತು ಹೇಳುವುದು. ಅದಕ್ಕೊಂದು ಅಚ್ಚಿದೆ, ಯಾರೂ ಬರೆದಿಟ್ಟದ್ದಲ್ಲ, ಆದರೂ ಇದೆ: ಮೊದಲು ಕತ್ತಲು, ಆಮೇಲೆ ಬೆಳಕು. ಕತ್ತಲು ಗಾಢವಾದಷ್ಟೂ ಜನ ಅಳುತ್ತಾರೆ. ಬಹುಮಾನ ಇಲ್ಲ. ಆದರೆ ಯಾರು ಗೆದ್ದರೆಂದು ಊಟದ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಅದರ ಹಿಂದಿನ ವರ್ಷ ಹೊಸಕೋಟೆಯ ಹುಡುಗನೊಬ್ಬ ತಾನು ಬೈಕು ಕದಿಯುತ್ತಿದ್ದುದನ್ನು ಹೇಳಿ ಇಡೀ ಶಾಮಿಯಾನವನ್ನು ಅಳಿಸಿದ. ನಮ್ಮ ಹುಡುಗಿ ಎದ್ದು, ಪ್ರಾರ್ಥನೆ ಮಾಡಿದ್ದಕ್ಕೆ ಗಣಿತದಲ್ಲಿ ಪಾಸಾದೆ ಎಂದಳು. ಮುಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಊಟದ ಹೊತ್ತಿಗೆ ಹೊಸಕೋಟೆ ಸಂಘ ನಡೆಸುವಾಕೆ ನನ್ನ ಕೈ ಹಿಡಿದು, "ನಿಮ್ ಮಕ್ಕಳು ತುಂಬಾ ಒಳ್ಳೆಯವರಪ್ಪ" ಎಂದಳು. ಅದು ಹೊಗಳಿಕೆಯಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ವರ್ಷವಿಡೀ ಆ ಮಾತು ನನ್ನ ಹೊಟ್ಟೆಯಲ್ಲಿ ಉರಿಯಿತು.

ಈಗ ಕೃಪಾ. ಪ್ರಭುದಾಸರ ಒಬ್ಬಳೇ ಮಗಳು. ತಾಯಿ ಲೀಲಾ, ಕೃಪಾ ಏಳು ವರ್ಷದವಳಿದ್ದಾಗ ಕಾಯಿಲೆಯಿಂದ ತೀರಿಕೊಂಡಿದ್ದಳು. ಎರಡು ವರ್ಷ ಹಾಸಿಗೆ ಹಿಡಿದವಳಿಗೆ ತಲೆ ಬಾಚಿ, ಗಂಜಿ ಕುಡಿಸಿದವರು ಪ್ರಭುದಾಸರೇ. ನಾನು ಪಾಠ ಮಾಡುತ್ತಿದ್ದ ಶಾಲೆಗೇ ಅವರು ವ್ಯಾನ್ ಓಡಿಸುತ್ತಿದ್ದರು, ಸ್ವಂತ ವ್ಯಾನು. ನಮ್ಮ ಸಂಘ ಮಾಕಳಿದುರ್ಗಕ್ಕೆ ಹೋದರೂ, ಎಲ್ಲಿಗೆ ಹೋದರೂ ಅವರದೇ ಗಾಡಿ. ಮಕ್ಕಳು ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಕೆಳಗೆ ಚಿತ್ರಾನ್ನ ಕಲಸಿ ಕಾಯುತ್ತಿದ್ದರು. ಕೃಪಾಳ ದನಿ ಗಂಟೆ ಹೊಡೆದ ಹಾಗಿತ್ತು. ಈ ಸಲ ಸಾಕ್ಷಿ ನೀನೇ ಹೇಳಬೇಕು, ಬರೆದುಕೊಂಡು ಬಾ ಎಂದೆ.

ಬರೆದುಕೊಂಡು ಬಂದಳು. ರೂಲ್ಡ್ ಹಾಳೆಯ ಮೇಲೆ ನಾಲ್ಕೇ ಸಾಲು. ಓದಿದೆ. ಮೇಷ್ಟ್ರಮ್ಮನ ಕೈ, ಕೆಂಪು ಪೆನ್ನು ಬ್ಯಾಗಿನಲ್ಲೇ ಇತ್ತಲ್ಲ — ನಾಲ್ಕೂ ಸಾಲಿನ ಮೇಲೆ ಅಡ್ಡ ಗೆರೆ ಎಳೆದು, ಅಂಚಿನಲ್ಲಿ 'ಇದು ಸಾಕ್ಷಿಯಲ್ಲ' ಎಂದು ಬರೆದೆ. ಆ ನಾಲ್ಕು ಸಾಲು ಏನೆಂದು ಆಮೇಲೆ ಹೇಳುತ್ತೇನೆ. ಈಗ ಹೇಳಿದರೆ ನೀವು ಮುಂದೆ ಓದುವುದಿಲ್ಲ, ಎದ್ದು ಬಂದು ನನ್ನನ್ನು ಬಯ್ಯುತ್ತೀರಿ.

ಆಮೇಲೆ ಅವಳ ಮಾತಿನಲ್ಲಿ ನಾನೇ ಬರೆದುಕೊಟ್ಟೆ: ನಮ್ಮ ತಂದೆ ದಿನವೂ ಕುಡಿದು ಬರುತ್ತಿದ್ದರು. ನಮ್ಮ ತಾಯಿಯನ್ನು ಹೊಡೆಯುತ್ತಿದ್ದರು. ಅಮ್ಮ ಅಳುತ್ತಲೇ ತೀರಿಕೊಂಡಳು. ಆಮೇಲೆ ನಾನು ಯೌವನಸ್ಥರ ಸಂಘ ಸೇರಿ ಪ್ರಾರ್ಥನೆ ಮಾಡಿದೆ, ಅಪ್ಪ ಬದಲಾದರು. ಸಂಘ ಸೇರಿದ್ದನ್ನು ಮರೆಯದೆ ಸೇರಿಸಿದ್ದೆ, ನೋಡಿ. ಬೆಳಕು ನಮ್ಮ ಶೀಟಿನ ಕೋಣೆಯಿಂದಲೇ ಬರಬೇಕಿತ್ತು.

ಹುಡುಗಿ ಓದಿ ತಲೆಯೆತ್ತಿದಳು. "ಆಂಟಿ, ನಮ್ಮಪ್ಪ ಕುಡಿಯೋದೇ ಇಲ್ಲ."

"ಗೊತ್ತು ಕಣೇ. ಹೆಸರು ಹೇಳ್ಬೇಡ, 'ನಮ್ ತಂದೆ' ಅನ್ನು ಅಷ್ಟೇ. ಅಲ್ಲಿ ನಿಮ್ಮಪ್ಪನ್ನ ಯಾರು ನೋಡಿದಾರೆ? ಒಂದು ದೃಷ್ಟಾಂತ ಅಂದ್ಕೋ. ನಿನ್ ಮಾತು ಕೇಳಿ ಒಬ್ಬ ಕುಡುಕ ಬಿಟ್ರೂ ಸಾಕಲ್ವೇನೆ?"

"ಅಪ್ಪ ಕೇಳಿಸ್ಕೊಂಡ್ರೆ?"

"ಅವರು ಯಾವತ್ತು ಒಳಗೆ ಬಂದಿದಾರೆ? ಗಾಡಿ ಹತ್ರಾನೇ ಇರ್ತಾರೆ."

ಇಷ್ಟೇ ಮಾತು. ಹೆದರಿಸಲಿಲ್ಲ, ಗದರಿಸಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ತಾಯಿಯಿಲ್ಲದ ಹುಡುಗಿ ನನ್ನನ್ನು ಅಷ್ಟು ನಂಬಿದ್ದಳು. ಸುಳ್ಳುಸಾಕ್ಷಿ ಹೇಳಬಾರದು ಎಂಬುದೂ ಸೇರಿದಂತೆ ಬೈಬಲಿನ ಹತ್ತು ಆಜ್ಞೆಗಳನ್ನು ಅವಳಿಗೆ ಬಾಯಿಪಾಠ ಮಾಡಿಸಿದವಳೂ ನಾನೇ. ಊರಿಗೆಲ್ಲ ಉಪದೇಶ ಹೇಳಿ ಅವಳ ಮನೆಯ ಒಲೆಗೆ ನೀರು ಸುರಿದವಳು ನಾನು.

ಸಮ್ಮೇಳನದ ದಿನ ಬೆಳಿಗ್ಗೆ ಪ್ರಭುದಾಸ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ವ್ಯಾನ್ ತಂದರು. ಅವರು ಬಿಳಿ ಹಾಕಿದ್ದನ್ನು ನಾನು ಕ್ರಿಸ್‌ಮಸ್ಸಿಗೆ ಬಿಟ್ಟರೆ ನೋಡಿರಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು. ಕೃಪಾಳ ಸರದಿ ಬಂದು ಅವಳು ಮೈಕಿನ ಮುಂದೆ ನಿಂತಾಗ, ಹಿಂದೆ ಶಾಮಿಯಾನದ ಕಂಬದ ಪಕ್ಕ ಅವರು ಬಂದು ನಿಂತದ್ದನ್ನು ನಾನು ನೋಡಿದೆ. ಮಗಳು ಮಾತಾಡುವುದನ್ನು ಕೇಳಲು ಬಂದಿದ್ದರು. ಆಗ ನಾನು ಎದ್ದು ಅವಳಿಗೊಂದು ಸನ್ನೆ ಮಾಡಬಹುದಿತ್ತು. ಹಾಡು ಹಾಡೋಣ ಎನ್ನಬಹುದಿತ್ತು. ನೂರು ದಾರಿ ಇತ್ತು. ಆದರೆ ಹೊಸಕೋಟೆಯಾಕೆ ಎರಡನೇ ಸಾಲಿನಲ್ಲಿ ಕೂತಿದ್ದಳು — ಹೌದು, ಅಷ್ಟು ಸಣ್ಣ ಕಾರಣಕ್ಕೆ — ನಾನು ಕೂತೇ ಇದ್ದೆ.

ಕೃಪಾ ಅಪ್ಪನನ್ನು ನೋಡಲಿಲ್ಲ, ಹಾಳೆ ನೋಡಿಕೊಂಡು ಓದಿದಳು. ಗಂಟೆಯಂಥ ದನಿ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮುಗಿದಾಗ ಆ ದಿನದ ಮುಖ್ಯ ಪ್ರಸಂಗಿ — ಉಪದೇಶ ಮಾಡಲು ಹೊರಗಿನಿಂದ ಕರೆಸಿದ್ದವರು — ಎದ್ದು ನಿಂತು, "ಆ ತಂದೆ ಇಲ್ಲಿದ್ದಾರಾ?" ಎಂದು ಕೇಳಿದರು. ಇದನ್ನು ಮಾತ್ರ ನಾನು ಬರೆದಿರಲಿಲ್ಲ.

ನಮ್ಮ ಮಕ್ಕಳ ತಲೆಗಳು ಹಿಂದಕ್ಕೆ ತಿರುಗಿದವು. ಅವರ ಹಿಂದೆ ಎಲ್ಲರ ತಲೆಗಳೂ. ಆಗ ಕೃಪಾ ಕಂಬದ ಕಡೆ ನೋಡಿದಳು. ಹಾಳೆಯನ್ನು ಬೆನ್ನ ಹಿಂದಕ್ಕೆ ಸರಿಸಿದಳು. ಪ್ರಭುದಾಸ್ ಮಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಹಾಡಿನ ಪುಸ್ತಕ ತೆಗೆದು ಪುಟ ಹುಡುಕತೊಡಗಿದೆ. ಪುಟ ಹುಡುಕುತ್ತಲೇ ಅವರ ಚಪ್ಪಲಿಯ ಸದ್ದು ನನ್ನ ಪಕ್ಕದಲ್ಲಿ ಹಾದುಹೋಗುವುದನ್ನು ಕೇಳಿಸಿಕೊಂಡೆ. ತಲೆಯೆತ್ತಿದಾಗ ಅವರು ವೇದಿಕೆಯ ಮುಂದೆ ಮೊಣಕಾಲೂರಿದ್ದರು. ಪ್ರಸಂಗಿಗಳು ಅವರ ತಲೆಯ ಮೇಲೆ ಕೈಯಿಟ್ಟು, ಈ ಮನುಷ್ಯನ ಕುಡಿತವನ್ನೂ ಇವನು ಹೆಂಡತಿಗೆ ಕೊಟ್ಟ ಹಿಂಸೆಯನ್ನೂ ಕ್ಷಮಿಸು ಎಂದು ಗಟ್ಟಿಯಾಗಿ ಬೇಡಿದರು. ಪ್ರಭುದಾಸ್ "ಆಮೆನ್" ಎಂದರು. ಯಾರೋ ಫೋಟೋ ಹೊಡೆದರು.

ಊಟದ ಸಾಲಿನಲ್ಲಿ ಹೊಸಕೋಟೆಯಾಕೆ ನನ್ನನ್ನು ಅಪ್ಪಿಕೊಂಡಳು. ಗೆದ್ದಿದ್ದೆ. ಅನ್ನ ಗಂಟಲಲ್ಲಿ ಇಳಿಯಿತೇ ಎಂದು ಕೇಳುತ್ತೀರಾ — ಇಳಿಯಿತು. ಎರಡನೇ ಸಲ ಪಾಯಸವನ್ನೂ ಹಾಕಿಸಿಕೊಂಡೆ.

ಇಲ್ಲಿಗೆ ನಿಂತಿದ್ದರೆ ಅದನ್ನು ಹೊಟ್ಟೆಕಿಚ್ಚಿನ ಹೆಂಗಸೊಬ್ಬಳ ಮೂರ್ಖತನ ಎನ್ನಬಹುದಿತ್ತು. ನಿಲ್ಲಲಿಲ್ಲ. ಸಭೆಯಲ್ಲಿ ಒಂದಿಬ್ಬರು, "ಪ್ರಭುದಾಸ್ ಕುಡೀತಿದ್ನಾ?" ಎಂದು ಹುಬ್ಬೇರಿಸಿದರು, ಮಗಳೇ ಹೇಳಿದ ಮೇಲೆ ಇನ್ನೇನು, ಮನೆಯೊಳಗಿನದು ಯಾರಿಗೆ ಗೊತ್ತು ಎಂದು ಸುಮ್ಮನಾದರು. ಮಾತು ಮಕ್ಕಳ ಮೂಲಕ ವ್ಯಾನಿಗೂ ಹತ್ತಿತು. ಎರಡು ವಾರ ಕಳೆದು ಒಂದು ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ಪದ್ಮಕ್ಕ ನನ್ನನ್ನು ನಿಲ್ಲಿಸಿದರು. ನೇಕಾರರ ಮನೆಯವರು, ಅವರ ಇಬ್ಬರು ಹೆಣ್ಣುಮಕ್ಕಳು ಪ್ರಭುದಾಸರ ವ್ಯಾನಿನಲ್ಲೇ ಬರುತ್ತಿದ್ದರು.

"ಟೀಚರ್, ನೀವು ಅವರ ಚರ್ಚಿನೋರೇ ಅಲ್ವಾ. ಪ್ರಭುದಾಸಣ್ಣ ಕುಡೀತಿದ್ರಂತಲ್ಲ, ಹೌದಾ?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಲ್ಲ ಎಂದರೆ, ಮತ್ತೆ ನಿಮ್ಮ ಹುಡುಗಿ ಯಾಕೆ ಹಾಗೆ ಹೇಳಿದಳು ಎನ್ನುತ್ತಾರೆ. ಅದಕ್ಕೆ ಉತ್ತರ ನಾನು — ಸುಗುಣ ಟೀಚರು, ಎಲ್ಲರ ಮಕ್ಕಳಿಗೂ ನೀತಿಪಾಠ ಹೇಳುವವಳು.

"ಈಗ ಬಿಟ್ಟಿದಾರೆ ಕಣ್ರೀ" ಎಂದೆ.

ಶಾಮಿಯಾನದಲ್ಲಿ ಮಾಡಿದ್ದು ಅರ್ಧ ಪಾಪ. ಉಳಿದರ್ಧ ಈ ಒಂದು ವಾಕ್ಯ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಮಾರನೆಯ ವಾರದಿಂದ ಪದ್ಮಕ್ಕನ ಮಕ್ಕಳು ಆಟೋದಲ್ಲಿ ಬರತೊಡಗಿದರು. ಆಮೇಲೆ ಅವರ ಓರಗಿತ್ತಿಯ ಮಗ. ಆಮೇಲೆ ಆ ಬೀದಿಯವರೆಲ್ಲ. ತಾಯಂದಿರನ್ನು ನಾನು ದೂರುವುದಿಲ್ಲ, ಮಗುವನ್ನು ಯಾರ ಕೈಗೆ ಕೊಡುತ್ತೇವೆಂದು ಯೋಚಿಸಬೇಕಾದದ್ದೇ. ಪರೀಕ್ಷೆ ಮುಗಿಯುವ ಹೊತ್ತಿಗೆ ವ್ಯಾನಿನಲ್ಲಿ ನಾಲ್ಕು ಮಕ್ಕಳಿದ್ದರು. ಜೂನ್‌ನಲ್ಲಿ ಶಾಲೆ ತೆರೆದಾಗ ವ್ಯಾನೇ ಇರಲಿಲ್ಲ. ಪ್ರಭುದಾಸ್ ಮಗ್ಗದವರ ಗೂಡ್ಸ್ ಗಾಡಿಯಲ್ಲಿ ಸೀರೆಯ ಗಂಟು ಸಾಗಿಸುವ ಕೆಲಸಕ್ಕೆ ಸೇರಿದರು. ಇವತ್ತಿಗೂ ಅದೇ ಕೆಲಸ. ಕೃಪಾ ಪಿಯುಸಿ ಮುಗಿಸಿ ನಮ್ಮ ಸಂಘಕ್ಕೆ ಬರುವುದನ್ನು ನಿಲ್ಲಿಸಿದಳು, ಆಮೇಲೆ ಸಭೆಗೆ ಬರುವುದನ್ನೂ ನಿಲ್ಲಿಸಿದಳು. ಪ್ರಭುದಾಸ್ ಮಾತ್ರ ಇಂದಿಗೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ.

ನಾನು? ನಾನು ಇನ್ನೂ ಆರು ವರ್ಷ ಸಂಘ ನಡೆಸಿದೆ. ಮತ್ತೆಂದೂ ಯಾರ ಸಾಕ್ಷಿಯನ್ನೂ ತಿದ್ದಲಿಲ್ಲ ಎಂಬುದನ್ನು ಇಲ್ಲಿ ಪುಣ್ಯದ ಲೆಕ್ಕದಲ್ಲಿ ಹಾಕಲು ಹೊರಟಿದ್ದೆ — ಹಾಕುವುದಿಲ್ಲ. ಕಳ್ಳನೊಬ್ಬ ಒಂದೇ ಮನೆಗೆ ಕನ್ನ ಹಾಕಿದೆ ಎಂದ ಹಾಗಾಗುತ್ತದೆ.

ಹೀಗೇ ಹೂತುಹೋಗುತ್ತಿತ್ತು. ಹೋದ ತಿಂಗಳು ಜಯಕುಮಾರ್ ಸಂಚಿಕೆಯ ಪುಟಗಳನ್ನು ತಿದ್ದಲು ಕಳಿಸಿದರು. ಹದಿನೇಳನೇ ಪುಟದಲ್ಲಿ ಆ ಫೋಟೋ. ಬಿಳಿ ಶರ್ಟು, ಬಗ್ಗಿದ ತಲೆ. ಮೇಲೆ ದಪ್ಪಕ್ಷರದಲ್ಲಿ 'ಕುಡಿತದಿಂದ ಬಿಡುಗಡೆ'. ಕೆಳಗೆ ನಾನು ಬರೆದ ಸಾಕ್ಷಿ, ಪೂರ್ತಿಯಾಗಿ, ಕೃಪಾಳ ಹೆಸರಿನಲ್ಲಿ. ಹೊಡೆತವೂ ಇತ್ತು, ಲೀಲಾಳ ಅಳುವೂ ಇತ್ತು. ಬಾಯಿಮಾತು ಒಂದು ತಲೆಮಾರಿಗೆ ಮರೆತುಹೋಗುತ್ತದೆ. ಅಚ್ಚಾದದ್ದು ಅವರ ಮೊಮ್ಮಕ್ಕಳ ಕೈಗೂ ಸಿಗುತ್ತದೆ.

ಆ ಪುಟ ಹಿಡಿದುಕೊಂಡು ಪ್ರಭುದಾಸರ ಬಳಿ ಹೋದೆ. ಮಗ್ಗದ ಶೆಡ್ಡಿನ ಅಂಗಳದಲ್ಲಿ ಗಂಟು ಹೇರುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿದೆ. ಪುಟವನ್ನು ದೂರ ಹಿಡಿದು ನೋಡಿದರು. ನಾನು ಹೇಳಬೇಕಾದದ್ದನ್ನು ಹೇಳಿದೆ, ಮಗ್ಗದ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು. ಮೆಲ್ಲಗೆ ತಪ್ಪೊಪ್ಪಿಕೊಳ್ಳುವ ಸುಖವೂ ನನಗೆ ಸಿಗಲಿಲ್ಲ.

"ಗೊತ್ತು ಟೀಚರ್" ಎಂದರು. "ಅವತ್ತೇ ಗಾಡೀಲಿ ಅತ್ಕೊಂಡು ಹೇಳಿದ್ಲು."

"ಗೊತ್ತಿದ್ದೂ ಸುಮ್ಮನಿದ್ರಾ? ನನ್ನ ಹೆಸರು ಹೇಳಬಹುದಿತ್ತಲ್ಲ!"

"ಹೇಳಿದ್ರೆ ಶನಿವಾರ ನಿಮ್ ಹತ್ರ ಯಾರು ಮಕ್ಕಳನ್ನ ಕಳಿಸ್ತಿದ್ರು? ಅವತ್ತು ನಾನು ಅಲ್ಲೇ ಎದ್ದು ಸುಳ್ಳು ಅಂದಿದ್ರೆ ನನ್ ಮಗಳು ಅಷ್ಟು ಜನದ ಮುಂದೆ ಸುಳ್ಳಿ ಆಗ್ತಿದ್ಲು. ನಾನು ಕುಡುಕ ಆದ್ರೆ ಏನಾಯ್ತು ಬಿಡಿ." ಪುಟವನ್ನು ಮಡಚಿ ಕೊಟ್ಟರು. ಆಮೇಲೆ ತಿರುಗಿ ಬಂದು ಬೆರಳಿಟ್ಟು ಒಂದು ಸಾಲು ತೋರಿಸಿದರು. "ಲೀಲನ್ನ ಹೊಡೀತಿದ್ದೆ ಅನ್ನೋದೊಂದು ತೆಗ್ಸಿ ಟೀಚರ್. ಅದೊಂದು ಬೇಡ."

ಹದಿಮೂರು ವರ್ಷದಲ್ಲಿ ಆ ಮನುಷ್ಯ ಕೇಳಿದ್ದು ಅದೊಂದನ್ನೇ. ನಾನು ಅಂಗಳದಲ್ಲೇ ಅತ್ತೆ. ಅವರು ಗಂಟು ಹೇರುವುದನ್ನು ಮುಂದುವರಿಸಿದರು, ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಒಂದು ಸಾಲಲ್ಲ, ಇಡೀ ಪುಟ ಕಿತ್ತುಹಾಕಿ ಎಂದು ಜಯಕುಮಾರರಿಗೆ ಹೇಳಿದೆ, ಯಾಕೆಂದೂ ಹೇಳಿದೆ. ಅವರು, "ಸುಗುಣಮ್ಮ, ಆ ಸಾಕ್ಷಿ ಕೇಳಿ ನಮ್ ಭಾವ ಕುಡಿಯೋದು ಬಿಟ್ಟ. ಸುಳ್ಳೋ ನಿಜವೋ, ದೇವರು ಉಪಯೋಗಿಸಿಕೊಂಡ. ಈಗ ಇದನ್ನ ಕೆದಕಿದ್ರೆ ಸಭೆಯ ಮಾನ ಹೋಗುತ್ತೆ. ದೇವರು ನಿಮ್ಮನ್ನ ಕ್ಷಮಿಸಿದಾನೆ, ಬಿಟ್ಬಿಡಿ" ಎಂದರು.

ಬಿಡುವುದಿಲ್ಲ ಜಯಕುಮಾರ್. ನಿಮ್ಮ ಭಾವ ಬಿಟ್ಟದ್ದು ಸಂತೋಷ, ಅವರು ನೂರು ವರ್ಷ ಬಾಳಲಿ. ಆದರೆ ಅವರ ಆರೋಗ್ಯಕ್ಕೆ ಪ್ರಭುದಾಸರ ಹೆಸರನ್ನು ಯಾಕೆ ಅರೆದು ಕುಡಿಸಬೇಕಿತ್ತು? ಇಷ್ಟು ವರ್ಷ ಆ ಮನುಷ್ಯನ ಮಾನ ಹೋದಾಗ ಕೆದಕುವವರು ಯಾರೂ ಇರಲಿಲ್ಲವಲ್ಲ! ದೇವರು ಕ್ಷಮಿಸಿರಬಹುದು, ಅದು ನನ್ನ ಅವನ ವ್ಯವಹಾರ. ನಾನು ತಪ್ಪು ಮಾಡಿದ್ದು ಪ್ರಭುದಾಸರಿಗೆ, ಕೃಪಾಳಿಗೆ, ಮಣ್ಣಲ್ಲಿರುವ ಲೀಲಾಳಿಗೆ. ಅವರ ಪರವಾಗಿ ಕ್ಷಮಿಸಲು ನಿಮಗೂ ಅಧಿಕಾರವಿಲ್ಲ, ಸಭೆಯ ಸಮಿತಿಗೂ ಇಲ್ಲ. ಸಭೆಯ ಮಾನ ಒಂದು ಸತ್ಯಕ್ಕೆ ಹೋಗುವಷ್ಟು ತೆಳ್ಳಗಿದ್ದರೆ ಹೋಗಲಿ.

ಕೃಪಾಳಿಗೂ ಫೋನ್ ಮಾಡಿದೆ. ದೇವನಹಳ್ಳಿಯ ಹತ್ತಿರ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಾಳೆ. ನಾನು ಅಳುವುದಕ್ಕೆ ಮೊದಲೇ ಅವಳು ಹೇಳಿದಳು: "ಆಂಟಿ, ನೀವು ಬರ್ದಿದ್ದನ್ನ ನಿಮ್ ಹೆಸರಲ್ಲೇ ಹಾಕ್ಕೊಳ್ಳಿ. ನಾನೊಂದು ಬರ್ಕೊಂಡು ಬಂದಿದ್ನಲ್ಲ, ಅದೆಲ್ಲಿ?"

ಹುಡುಕಿದೆ. ಮಕ್ಕಳ ಕೈಬರಹದ ಒಂದು ಚೂರನ್ನೂ ಎಸೆಯದ ಚಾಳಿ ನನಗೆ ಮೊದಲಿನಿಂದ. ಸಂಘದ ಹಳೆಯ ಫೈಲಿನಲ್ಲಿ, ಹಾಡಿನ ಪಟ್ಟಿಗಳ ನಡುವೆ ಸಿಕ್ಕಿತು. ಜಯಕುಮಾರ್, ಹದಿನೇಳನೇ ಪುಟಕ್ಕೆ ಇದನ್ನು ಹಾಕಿ:

ನಮ್ಮಪ್ಪ ದಿನಾ ಬೆಳಿಗ್ಗೆ ವ್ಯಾನ್ ಸ್ಟಾರ್ಟ್ ಮಾಡುವ ಮೊದಲು ಸ್ಟೇರಿಂಗ್ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡುತ್ತಾರೆ. ವ್ಯಾನಿನಲ್ಲಿ ಬರುವ ಇಪ್ಪತ್ತೆರಡು ಮಕ್ಕಳ ಹೆಸರನ್ನೂ ಒಂದೊಂದಾಗಿ ಹೇಳುತ್ತಾರೆ. ಒಂದು ಹೆಸರು ಮರೆತರೆ ಮತ್ತೆ ಮೊದಲಿನಿಂದ ಹೇಳುತ್ತಾರೆ. ಅದನ್ನು ನೋಡಿಯೇ ನಾನು ದೇವರನ್ನು ನಂಬಿದ್ದು.

ಇಷ್ಟೇ. ಇದರ ಮೇಲಿನ ಕೆಂಪು ಗೆರೆಯನ್ನು ಅಳಿಸಬೇಡಿ. ಅಂಚಿನಲ್ಲಿ ನಾನು ಬರೆದದ್ದನ್ನೂ ಅಳಿಸಬೇಡಿ, ಕೆಳಗೆ ನನ್ನ ಹೆಸರು ಹಾಕಿ. ಹಾಕುವುದಿಲ್ಲವೇ, ಬೇಡ. ಅರವತ್ತು ಜೆರಾಕ್ಸ್ ಮಾಡಿಸುತ್ತಿದ್ದೇನೆ, ಹಾಳೆಯದೂ, ಈ ಬರಹದ್ದೂ. ಬೆಳ್ಳಿಹಬ್ಬದ ಭಾನುವಾರ ಆರಾಧನೆ ಮುಗಿದ ಮೇಲೆ ಗೇಟಿನಲ್ಲಿ ನಿಂತು ಕೈಗೊಂದು ಕೊಡುತ್ತೇನೆ. ನನಗೆಂದಿಟ್ಟ ನಿಮ್ಮ ಶಾಲು ಸನ್ಮಾನ ಬೇರೆ ಯಾರಿಗಾದರೂ ಇರಲಿ.

ಇದು ಜೆರಾಕ್ಸ್ ಆದ ಮೇಲೆ ಸೇರಿಸುತ್ತಿರುವುದು: ಒಂದು ಪ್ರತಿಯನ್ನು ಇವತ್ತು ಬೆಳಿಗ್ಗೆಯೇ ಕೊಟ್ಟು ಬಂದೆ, ಪದ್ಮಕ್ಕನಿಗೆ. ಅವರ ಹೆಣ್ಣುಮಕ್ಕಳಿಗೆ ಈಗ ಮದುವೆಯಾಗಿದೆ. ಬಾಗಿಲಲ್ಲೇ ನಿಂತು ಓದಿದರು, ನಿಧಾನವಾಗಿ, ಎರಡು ಸಲ.

"ನಮ್ ಹುಡ್ಗೀರ ಹೆಸರೂ ಹೇಳ್ತಿದ್ರಾ?"

"ಹೇಳ್ತಿದ್ರು ಪದ್ಮಕ್ಕ. ಅವರು ಯಾವತ್ತೂ ಕುಡಿದೋರಲ್ಲ."

ಒಳಗೆ ಬನ್ನಿ ಎನ್ನಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟರು. ಕೂತಲ್ಲಿಂದಲೇ ತಲೆಯೆತ್ತಿ, "ಅವತ್ತು ಗೇಟಲ್ಲಿ ನಿಮ್ಮನ್ನೇ ಕೇಳಿದ್ನಲ್ಲ ಟೀಚರ್" ಎಂದರು.

ಕೇಳಿದ್ದಿರಿ ಎಂದೆ. ಇನ್ನು ಐವತ್ತೊಂಬತ್ತು ಪ್ರತಿ ಉಳಿದಿವೆ.